ಬಾಕ್ಸ್ ಬಾಡಿಗೆಗೆ ತನ್ನಿ, ಮಿಕ್ಸರ್ ಮಾತ್ರ ಸ್ವಂತದ್ದಿರಲಿ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಹೊಸದಾಗಿ ಡಿಜೆ ಕೆಲಸಕ್ಕೆ ಇಳಿಯುವ ಹುಡುಗರು ಮೊದಲ ದುಡ್ಡನ್ನು ಬೇಸ್ ಬಾಕ್ಸ್‌ಗೆ, ಅಂದರೆ ಗುಡುಗುವ ದೊಡ್ಡ ಸ್ಪೀಕರಿಗೆ, ಸುರಿಯುತ್ತಾರೆ. ನನ್ನನ್ನು ಕೇಳಿದವರಿಗೆ ನಾನು ಹೇಳುವುದು ಒಂದೇ. ಬಾಕ್ಸು, ಆಂಪ್ಲಿ (ಆಂಪ್ಲಿಫೈಯರ್), ಲೈಟು, ಜನರೇಟರ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ, ತನ್ನಿ. ಹಾಡು, ಮೈಕುಗಳ ಸದ್ದನ್ನೆಲ್ಲ ಕೂಡಿಸಿ ಹದ ಮಾಡಿ ಆಂಪ್ಲಿಗೆ ಕಳಿಸುವ ಮಿಕ್ಸರ್ ಮಾತ್ರ ಸ್ವಂತದ್ದಿರಲಿ. ರಿಸೆಪ್ಷನ್‌ನಲ್ಲಿ ಲೈಟೆಲ್ಲ ಆರಿಸಿ ಗಂಡು ಹೆಣ್ಣು ಸ್ಟೇಜಿಗೆ ಬರುವ ಹೊತ್ತಿಗೆ ಯಾವ ನಾಬ್ ಎಲ್ಲಿದೆ, ಎಷ್ಟು ತಿರುಗಿಸಿದರೆ ಎಷ್ಟು ಏರುತ್ತದೆ ಅನ್ನುವುದು ನೋಡದೇ ಕೈಗೆ ಗೊತ್ತಾಗಬೇಕು. ವಾರಕ್ಕೊಂದು ಬಾಡಿಗೆ ಮಿಕ್ಸರ್ ಹಿಡಿದವನಿಗೆ ಅದು ಬರುವುದಿಲ್ಲ.

ಮಿಕ್ಸರ್ ಮೇಲೆ ಡಿಜೆಗಳಿಗಿರುವ ಪ್ರೀತಿ ಹಳೆಯದು. 1971ರಲ್ಲಿ ನ್ಯೂಯಾರ್ಕಿನ ಒಂದು ಕ್ಲಬ್ಬಿಗೆ ಅಲೆಕ್ಸ್ ರೋಸ್ನರ್ ಕಟ್ಟಿಕೊಟ್ಟ ಡಿಜೆ ಮಿಕ್ಸರ್ ಕೆಂಪಗಿತ್ತು ಅಂತ ಅದಕ್ಕೆ ‘ರೋಸಿ’ ಅಂತ ಹೆಸರೇ ಬಿದ್ದಿತ್ತು. ನಮ್ಮ ಕಡೆ ಹೆಸರಿಡುವುದಿಲ್ಲ, ಆದರೆ ಆಯುಧ ಪೂಜೆಯ ದಿನ ಮೊದಲ ಹೂವು ಮಿಕ್ಸರ್‌ಗೇ.

ಯಾವುದು ತಗೋಬೇಕು

ಡಿಜೆ ಮಿಕ್ಸರ್ ಬೇರೆ, ಸೌಂಡ್ ಮಿಕ್ಸರ್ ಬೇರೆ. ಡಿಜೆ ಮಿಕ್ಸರ್‌ನಲ್ಲಿ ಎರಡೋ ನಾಲ್ಕೋ ಚಾನೆಲ್ (ಒಂದೊಂದು ಸದ್ದಿಗೆ ಒಂದೊಂದು ಸಾಲು), ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿಸುವ ಕ್ರಾಸ್‌ಫೇಡರ್, ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಮೊದಲೇ ಕೇಳಿಕೊಳ್ಳುವ ಕ್ಯೂ ಬಟನ್ ಇರುತ್ತವೆ. ಮೈಕಿಗೆ ಸಾಮಾನ್ಯವಾಗಿ ಒಂದೋ ಎರಡೋ ಜಾಗ, ಅಷ್ಟೇ. ಬೆಂಗಳೂರಿನ ಪಬ್ಬಿಗೆ ಅದು ಸಾಕು. ನಮ್ಮ ಕಲ್ಯಾಣ ಮಂಟಪಕ್ಕೆ ಸಾಲದು. ಪುರೋಹಿತರಿಗೊಂದು ಮೈಕ್, ಆಂಕರ್‌ಗೊಂದು, ಹಾಡು ಹೇಳುತ್ತೇನೆ ಅಂತ ಎದ್ದು ಬರುವ ಸೋದರಮಾವನಿಗೊಂದು ಬೇಕು.

ಅದಕ್ಕೇ ನನ್ನ ಸಲಹೆ: ಹಾಡಿಗೆ ಲ್ಯಾಪ್‌ಟಾಪಿನ ಜೊತೆ ಒಂದು ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ಕೈಯಿಂದ ನಡೆಸುವ ನಾಬ್, ಬಟನ್‌ಗಳ ಹಲಗೆ) ಇಟ್ಟುಕೊಳ್ಳಿ, ಅದರ ಔಟ್‌ಪುಟ್ಟನ್ನು ಹಲವು ಮೈಕ್ ಹಾಕಬಹುದಾದ ಒಂದು ಒಳ್ಳೆಯ ಸೌಂಡ್ ಮಿಕ್ಸರ್‌ನ ಸ್ಟೀರಿಯೋ ಚಾನೆಲ್‌ಗೆ ಕೊಡಿ. ನಾನು ಬಳಸುವುದು ಯಮಾಹಾ ಎಂಜಿ-12-ಎಕ್ಸ್‌ಯು. ಆರು ಮೈಕ್ ಹಾಕಬಹುದು, ಎಫೆಕ್ಟ್ ಒಳಗೇ ಇದೆ, ಕಂಡೆನ್ಸರ್ ಮೈಕಿಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ಪವರ್ ಇದೆ. ಬೇರೆ ಕಂಪನಿಯದ್ದಾದರೂ ಸರಿ, ಎರಡು ವಿಷಯ ನೋಡಿ: ಫೇಡರ್ (ಸದ್ದು ಏರಿಳಿಸುವ ಜಾರು ಗುಂಡಿ) ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಹದದಲ್ಲಿ ಜಾರಬೇಕು, ಮತ್ತು ಪ್ರತಿ ಮೈಕ್ ಚಾನೆಲ್‌ನಲ್ಲೂ ಕೆಳಗಿನ ಗುಡುಗನ್ನು ಕತ್ತರಿಸುವ ಲೋ ಕಟ್ ಬಟನ್ ಇರಬೇಕು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಅಂಗಡಿಯಲ್ಲೇ ನಿಮ್ಮ ಮೈಕ್, ನಿಮ್ಮ ಹೆಡ್‌ಫೋನ್ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಒಂದೊಂದೇ ಗೇನ್ ನಾಬ್ (ಚಾನೆಲ್‌ನ ಮೊದಲ ನಾಬ್, ವಿವರ ಮುಂದಿದೆ) ತಿರುಗಿಸುತ್ತಾ ಹೆಡ್‌ಫೋನಿನಲ್ಲಿ ಕರಕರ ಸದ್ದು ಬರುತ್ತದಾ ಅಂತ ಕೇಳಿ.

ಗೇನ್: ಎಲ್ಲಾ ಇಲ್ಲೇ ಇದೆ

ಮಿಕ್ಸರ್ ಕಲಿಯುವುದು ಅಂದರೆ ಮುಕ್ಕಾಲು ಪಾಲು ಗೇನ್ ಕಲಿಯುವುದು. ಚಾನೆಲ್‌ನ ತುದಿಯಲ್ಲಿರುವ ಆ ಮೊದಲ ನಾಬ್ ಸದ್ದನ್ನು ಒಳಗೆ ಎಷ್ಟು ಬಿಟ್ಟುಕೊಳ್ಳಬೇಕು ಅಂತ ತೀರ್ಮಾನಿಸುತ್ತದೆ. ಅಲ್ಲಿ ಹದ ತಪ್ಪಿದರೆ ಮುಂದೆ ಎಲ್ಲಿಯೂ ಸರಿ ಮಾಡಲಾಗುವುದಿಲ್ಲ.

ಆಂಪ್ಲಿ ಆಫ್ ಇರಲಿ. ಗೇನ್ ಪೂರ್ತಿ ಕೆಳಗೆ, ಬೇಸ್, ಟ್ರೆಬಲ್ ಏರಿಳಿಸುವ ಇಕ್ಯೂ ನಾಬ್‌ಗಳೆಲ್ಲ ಹನ್ನೆರಡು ಗಂಟೆ ಜಾಗಕ್ಕೆ, ಚಾನೆಲ್ ಫೇಡರ್ ಸೊನ್ನೆ ಗೆರೆಗೆ (ಪೂರ್ತಿ ಕೆಳಗಲ್ಲ, 0 ಅಂತ ಬರೆದ ಕಡೆ). ಆ ಚಾನೆಲ್‌ನ ಪಿಎಫ್‌ಎಲ್ ಬಟನ್ ಒತ್ತಿ. ಈಗ ಮೀಟರ್ ಆ ಒಂದು ಚಾನೆಲ್ಲನ್ನು ಮಾತ್ರ ತೋರಿಸುತ್ತದೆ. ಹಾಡಾದರೆ ಅದರ ಅತಿ ಜೋರಿನ ಭಾಗ ಹಾಕಿ. ಮೈಕಾದರೆ ‘ಹಲೋ ಹಲೋ ಚೆಕ್’ ಅಂತ ಮೆಲ್ಲಗೆ ಅಲ್ಲ, ಫಂಕ್ಷನ್‌ನಲ್ಲಿ ಕೂಗುವಷ್ಟೇ ಜೋರಾಗಿ ಕೂಗಿಸಿ. ಗೇನ್ ನಿಧಾನಕ್ಕೆ ಏರಿಸುತ್ತಾ ಬನ್ನಿ. ಮೀಟರ್ ಸೊನ್ನೆಯ ಆಸುಪಾಸು ಕುಣಿಯಬೇಕು, ಕೆಂಪು ಪೀಕ್ ಲೈಟ್ ಹತ್ತಬಾರದು. ಎಲ್ಲಾ ಚಾನೆಲ್ ಹೀಗೇ ಮಾಡಿ, ಒಟ್ಟು ಸದ್ದಿನ ಮಾಸ್ಟರ್ ಫೇಡರ್ ಸೊನ್ನೆಗೆ ತಂದು, ಕೊನೆಗೆ ಆಂಪ್ಲಿ ಆನ್ ಮಾಡಿ. ಹಾಲಿಗೆ ಎಷ್ಟು ಸದ್ದು ಬೇಕು ಅನ್ನುವುದನ್ನು ಆಂಪ್ಲಿಯ ನಾಬ್‌ನಲ್ಲಿ ಸೆಟ್ ಮಾಡಿ. ತುಂಬಾ ಜನ ಉಲ್ಟಾ ಮಾಡುತ್ತಾರೆ: ಆಂಪ್ಲಿ ಫುಲ್ಲು, ಮಿಕ್ಸರ್ ಕಾಲು ಭಾಗ. ಹಾಗೆ ಮಾಡಿದರೆ ಹಾಡಿಲ್ಲದಾಗ ಬಾಕ್ಸಿನಿಂದ ಸುಯ್ಯನೆ ಗಾಳಿ ಸದ್ದು ಬರುತ್ತದೆ, ಫೇಡರ್ ಒಂದು ಕೂದಲೆಳೆ ಸರಿಸಿದರೂ ಸದ್ದು ಎಗರುತ್ತದೆ.

ಕೆಂಪು ಲೈಟಿಗೆ ಯಾಕೆ ಇಷ್ಟು ಹೆದರಬೇಕು? ಮಿಕ್ಸರ್ ತನ್ನ ಮಿತಿ ಮೀರಿದಾಗ ಸದ್ದಿನ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಆಗ ಮೂಲ ಹಾಡಿನಲ್ಲಿ ಇಲ್ಲದ ಮೇಲಿನ ಸ್ವರಗಳು ಹುಟ್ಟಿ ನೇರ ಟಾಪ್ ಬಾಕ್ಸಿನ (ಮೇಲಿನ ಸ್ವರಗಳ ಸ್ಪೀಕರ್) ಡ್ರೈವರ್‌ಗೆ ಹೋಗುತ್ತವೆ, ಅದು ಕಾದು ಸುಡುತ್ತದೆ. ‘ಅಣ್ಣ, ಸೌಂಡ್ ಇನ್ನೂ ಬೇಕು’ ಅಂತ ಕೂಗು ಬಂದಾಗ ಮಾಸ್ಟರ್ ತಳ್ಳಿ ಪ್ರಯೋಜನವಿಲ್ಲ. ಆಂಪ್ಲಿಯ ವ್ಯಾಟ್ ದುಪ್ಪಟ್ಟು ಮಾಡಿದರೂ ಏರುವುದು 3 ಡೆಸಿಬಲ್; ಕಿವಿಗೆ ಎರಡರಷ್ಟು ಅನ್ನಿಸಲು ಸುಮಾರು 10 ಬೇಕು. ಹಾಗಾಗಿ ಊಟದ ಹೊತ್ತಿನಲ್ಲಿ ಬೇಕೆಂದೇ ಕಡಿಮೆ ಓಡಿಸಿ, ಕುಣಿಯುವ ಹೊತ್ತಿಗೆ ಮಾಮೂಲಿ ಹದಕ್ಕೆ ತನ್ನಿ. ಜನಕ್ಕೆ ಸದ್ದು ಏರಿದ ಖುಷಿ ಸಿಗುತ್ತದೆ, ಮೀಟರ್ ಹಸಿರಲ್ಲೇ ಇರುತ್ತದೆ.

ಇನ್ನೊಂದು ಮಾತು. ಡಾ. ರಾಜ್‌ಕುಮಾರ್ ಅವರ ಹಳೇ ಹಾಡುಗಳನ್ನು ರೆಕಾರ್ಡ್ ಮಾಡಿರುವ ಮಟ್ಟವೇ ಕಡಿಮೆ, ಈಗಿನ ಹಾಡುಗಳದ್ದು ಜಾಸ್ತಿ. ಹೊಸದರ ನಂತರ ಹಳೇದು ಹಾಕಿದರೆ ಸಪ್ಪೆ ಅನ್ನಿಸುತ್ತದೆ. ಫೇಡರ್ ತಳ್ಳಬೇಡಿ, ಹೆಡ್‌ಫೋನಿನಲ್ಲಿ ಕೇಳುತ್ತಲೇ ಗೇನ್ ಏರಿಸಿ ಮೀಟರ್ ಸಮ ಮಾಡಿಕೊಂಡು ಬಿಡಿ. ಆ ಹಾಡು ಮುಗಿದ ತಕ್ಷಣ ಗೇನ್ ಮೊದಲಿನ ಜಾಗಕ್ಕೆ.

ಫೋನಿನಿಂದ ಹಾಡು ಕೊಡುವವರು ಇಪಿ ಪಿನ್ನಿನಿಂದ (ಇಯರ್‌ಫೋನಿನ ಸಣ್ಣ ಪಿನ್) ಸ್ಟೀರಿಯೋ ಪಿ-38 (ದಪ್ಪ ಜ್ಯಾಕ್ ಪಿನ್) ವೈರ್ ಎಳೆದು ಮಾಮೂಲಿ ಚಾನೆಲ್‌ಗೆ ಚುಚ್ಚುತ್ತಾರೆ. ಆಗ ಮ್ಯೂಸಿಕ್ ಅಷ್ಟಿಷ್ಟು ಕೇಳುತ್ತದೆ, ಹಾಡುವವರ ಗಂಟಲೇ ಮಾಯ. ವೈರ್ ಕೆಟ್ಟಿಲ್ಲ. ಆ ಜಾಗ ಬ್ಯಾಲೆನ್ಸ್‌ಡ್, ಅಂದರೆ ಎರಡು ತಂತಿಯ ಸದ್ದಿನ ವ್ಯತ್ಯಾಸವನ್ನು ಮಾತ್ರ ತೆಗೆದುಕೊಳ್ಳುವಂಥದ್ದು, ಆಗಿರುವುದರಿಂದ ಎಡ ಬಲ ಎರಡರಲ್ಲೂ ಸಮವಾಗಿರುವ ಧ್ವನಿ ಒಂದನ್ನೊಂದು ಹೊಡೆದುಹಾಕುತ್ತದೆ. ಎರಡು ಮೋನೋ ಪಿನ್ನಿಗೆ ಒಡೆಯುವ ವೈರ್ ತಂದು ಸ್ಟೀರಿಯೋ ಚಾನೆಲ್‌ಗೇ ಕೊಡಿ.

ಗಟ್ಟಿಮೇಳದ ಹೊತ್ತಿಗೆ

ಡಿಜೆಯ ಕೈಚಳಕ ಗೊತ್ತಾಗುವುದು ರಿಸೆಪ್ಷನ್ನಿನ ಹಾಡಿನಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಬೆಳಗಿನ ಮುಹೂರ್ತದಲ್ಲಿ ಗೊತ್ತಾಗುತ್ತದೆ. ಪುರೋಹಿತರು ಮೆಲುದನಿಯಲ್ಲಿ ಮಂತ್ರ ಹೇಳುತ್ತಿರುತ್ತಾರೆ, ಅವರ ಮೈಕಿನ ಫೇಡರ್ ಮೇಲೇ ಇರುತ್ತದೆ. ಪಕ್ಕದಲ್ಲೇ ವಾಲಗದವರು. ‘ಗಟ್ಟಿಮೇಳ’ ಅಂತ ಕೂಗು ಬಿದ್ದ ಕ್ಷಣ ಡೋಲು, ನಾಗಸ್ವರ ಒಟ್ಟಿಗೆ ಸಿಡಿದು ಅದೇ ಮೈಕಿನೊಳಗೆ ನುಗ್ಗುತ್ತವೆ. ಬಾಕ್ಸು ಕಿರುಚುತ್ತದೆ, ಮುಂದಿನ ಸಾಲಿನ ಅಜ್ಜಿಯರು ಕಿವಿ ಮುಚ್ಚಿಕೊಳ್ಳುತ್ತಾರೆ.

ಮಾಂಗಲ್ಯ ತಟ್ಟೆಯಲ್ಲಿ ಸುತ್ತು ಬರಲು ಶುರುವಾದ ಕೂಡಲೇ ಫೋನ್ ಜೇಬಿಗೆ ಹಾಕಿ, ಬೆರಳು ಪುರೋಹಿತರ ಫೇಡರ್ ಮೇಲಿಡಿ, ಕಣ್ಣು ಅವರ ಕೈ ಮೇಲಿರಲಿ. ವಾಲಗದವರಿಗೆ ಸನ್ನೆ ಮಾಡಲು ಅವರ ಕೈ ಮೇಲೇಳುತ್ತದೆ. ಆಗಲೇ ಫೇಡರ್ ಅರ್ಧಕ್ಕೆ ಇಳಿಸಿ. ಪೂರ್ತಿ ಮುಚ್ಚಬೇಡಿ, ಮಂತ್ರದ ಎಳೆ ಹಿಂದೆ ಕೇಳುತ್ತಿರಲಿ. ವಾಲಗಕ್ಕೆ ಬಾಕ್ಸಿನ ಸಹಾಯ ಬೇಕಿಲ್ಲ, ಮಂಟಪ ತುಂಬುವ ಶಕ್ತಿ ಅದಕ್ಕೇ ಇದೆ. ಸದ್ದು ಇಳಿದ ಮೇಲೆ ಫೇಡರ್ ನಿಧಾನಕ್ಕೆ ಮೇಲೆ ತನ್ನಿ.

ಅದೇ ಮೈಕಿಗೆ ಲೋ ಕಟ್ ಬಟನ್ ಒತ್ತಿರಬೇಕು, ಲೋ ನಾಬ್ (ಬೇಸ್ ನಾಬ್) ಸ್ವಲ್ಪ ಇಳಿಸಿರಬೇಕು. ಮೈಕ್ ಕೂಗಿದರೆ ಮೊದಲು ಮೈಕ್ ಬಾಕ್ಸಿನ ಮುಂದಿದೆಯಾ ನೋಡಿ, ಇಕ್ಯೂ ಆಮೇಲೆ. ವಿಡಿಯೋದವರು ಆಡಿಯೋ ಲೈನ್ ಕೇಳೇ ಕೇಳುತ್ತಾರೆ. ಅವರಿಗೆ ಆಕ್ಸ್ (ಮಿಕ್ಸರ್‌ನ ಇನ್ನೊಂದು ಔಟ್‌ಪುಟ್) ನಿಂದಲೋ ರೆಕಾರ್ಡ್ ಔಟ್‌ನಿಂದಲೋ ಕೊಡಿ, ಮಾಸ್ಟರ್ ವೈರ್ ಒಡೆದು ಕೊಡಬೇಡಿ. ಫೇಡರ್‌ಗಳ ಕೆಳಗೆ ಪೇಪರ್ ಟೇಪ್ ಅಂಟಿಸಿ ಪುರೋಹಿತರು, ಆಂಕರ್, ಲ್ಯಾಪ್‌ಟಾಪ್ ಅಂತ ಬರೆದಿಡಿ. ನೀವು ಊಟಕ್ಕೆ ಎದ್ದಾಗ ನಿಮ್ಮ ಹುಡುಗನಿಗೆ ಅದೇ ಆಧಾರ.

ಹಾಡು ಕೂಡಿಸುವ ಬಗ್ಗೆ ಚುಟುಕಾಗಿ: ಒಳಗೆ ಬರುವ ಹಾಡಿನ ಲೋ ಪೂರ್ತಿ ಇಳಿಸಿ ಬಿಡಿ, ಹೊರಗೆ ಹೋಗುವುದರ ಲೋ ಇಳಿಸಿದ ಕ್ಷಣ ಇದರದ್ದು ಏರಿಸಿ. ಎರಡು ಬೇಸ್ ಒಟ್ಟಿಗೆ ಇರಬಾರದು. ತಮಟೆ ಏಟಿನ ಹಾಡುಗಳು ಸಾಮಾನ್ಯವಾಗಿ ತಿಸ್ರ ನಡೆಯವು (ಮೂರರ ಎಣಿಕೆ), ಕ್ಲಬ್ ಹಾಡು ಚತುರಶ್ರ (ನಾಲ್ಕರದ್ದು). ಇವೆರಡರ ಬೀಟ್ ಕೂಡಿಸಲು ಹೋಗಬೇಡಿ. ಮೊದಲಿನದಕ್ಕೆ ಎಕೋ ಕೊಟ್ಟು ಕತ್ತರಿಸಿ, ಒಂದು ಉಸಿರು ಬಿಟ್ಟು, ತಮಟೆ ಹೊಡೆಸಿ. ಆ ಒಂದು ಕ್ಷಣದ ಮೌನಕ್ಕೇ ನಮ್ಮ ಜನ ಶಿಳ್ಳೆ ಹಾಕುತ್ತಾರೆ.

ಕರೆಂಟು, ಧೂಳು, ಹೊಗೆ

ಹಳ್ಳಿಯಲ್ಲಿ ಪಿನ್ ಚುಚ್ಚುವ ಮೊದಲು ಮಲ್ಟಿಮೀಟರ್ ಇಡಿ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230ರ ಆಸುಪಾಸು ಇರಬೇಕು. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದರೆ 400 ವೋಲ್ಟಿನವರೆಗೂ ಏರಬಹುದು, ಮಿಕ್ಸರ್ ಕ್ಷಣದಲ್ಲಿ ಹೋಗುತ್ತದೆ. ಮಿಕ್ಸರ್, ಲ್ಯಾಪ್‌ಟಾಪ್, ಆಂಪ್ಲಿ ಎಲ್ಲವೂ ಒಂದೇ ಲೈನಿನಿಂದ, ಲೈಟುಗಳು ಬೇರೆ ಲೈನಿನಿಂದ. ಮಿಕ್ಸರ್ ಮತ್ತು ಲ್ಯಾಪ್‌ಟಾಪಿಗೆ ಕಂಪ್ಯೂಟರಿನ ಸಣ್ಣ ಯುಪಿಎಸ್ ಸಾಕು; ಕರೆಂಟು ಹೋಗಿ ಜನರೇಟರ್ ಹತ್ತುವವರೆಗೆ ತಡೆದುಕೊಳ್ಳುತ್ತದೆ. ಗುಂಯ್ ಅಂತ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ದೋಷ ಅಲ್ಲೇ, ನಡುವೆ ಒಂದು ಡಿಐ ಬಾಕ್ಸ್ (ಆ ಸದ್ದು ದಾಟದಂತೆ ತಡೆಯುವ ಸಣ್ಣ ಪೆಟ್ಟಿಗೆ) ಹಾಕಿ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ, ಮೈಕ್ ಹಿಡಿದವರ ಜೀವದ ಪ್ರಶ್ನೆ.

ರಾತ್ರಿ 10ಕ್ಕೆ ಬಯಲಿನ ಸೌಂಡ್ ನಿಲ್ಲಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹತ್ತಾಗಲು ಹತ್ತು ನಿಮಿಷ ಇರುವಾಗಲೇ ಮಾಸ್ಟರ್ ಹಂತಹಂತವಾಗಿ ಇಳಿಸಿ, ಜನ ತಾವೇ ತಣ್ಣಗಾಗುತ್ತಾರೆ.

ಇನ್ನು ಆರೈಕೆ. ಮಿಕ್ಸರ್‌ನ ನಿಜವಾದ ಶತ್ರು ಸ್ಮೋಕ್ ಮಷೀನ್. ಅದರ ದ್ರಾವಣದಲ್ಲಿರುವ ಗ್ಲೈಕಾಲ್ ಫೇಡರ್‌ಗಳ ಸಂದಿನಲ್ಲಿ ತೆಳು ಜಿಡ್ಡಾಗಿ ಕೂರುತ್ತದೆ, ನಮ್ಮ ಕೆಂಪು ಮಣ್ಣಿನ ಧೂಳು ಅದಕ್ಕೆ ಹಿಡಿಯುತ್ತದೆ. ಸ್ಮೋಕ್ ಮಷೀನನ್ನು ಸ್ಟೇಜಿನ ಆ ಕಡೆ ಇಡಿಸಿ, ಗಾಳಿ ನಿಮ್ಮ ಕಡೆ ಬೀಸದ ಹಾಗೆ. ಪ್ರತಿ ಫಂಕ್ಷನ್ ಆದ ಮೇಲೆ ಪ್ಲಗ್ ಕಿತ್ತು, ಮೆತ್ತನೆ ಬ್ರಶ್ಶಿನಿಂದ ಸಂದು ಸಂದು ಗುಡಿಸಿ, ಮಿಕ್ಸರ್ ಓರೆಯಾಗಿ ಹಿಡಿದು ಕೈ ಬ್ಲೋವರ್ ಒತ್ತಿ. ಫೇಡರ್ ಕರಕರ ಅಂದರೆ ಫೇಡರ್‌ಗೆಂದೇ ಸಿಗುವ ಕ್ಲೀನರ್ ಒಂದು ಚೂರು ಸಿಂಪಡಿಸಿ, ಮೇಲಿಂದ ಕೆಳಗೆ ಇಪ್ಪತ್ತು ಮೂವತ್ತು ಸಲ ಎಳೆದಾಡಿ, ಪೂರ್ತಿ ಒಣಗಲು ಬಿಡಿ. ಡಬ್ಲ್ಯುಡಿ-40, ಪೆಟ್ರೋಲು, ಹೊಲಿಗೆ ಮಷೀನ್ ಎಣ್ಣೆ ಯಾವುದೂ ಬೇಡ. ಅವತ್ತು ನಯವಾಗುತ್ತದೆ, ಆಮೇಲೆ ಧೂಳು ಹಿಡಿದು ಒಳಗಿನ ಕಾರ್ಬನ್ ಪಟ್ಟಿಯನ್ನೇ ಸವೆಸುತ್ತದೆ.

ಆಯುಧ ಪೂಜೆಯ ದಿನ ಅರಿಸಿನ ಕುಂಕುಮವನ್ನು ಕೇಸಿನ ಮೇಲೆ ಹಚ್ಚಿ. ಮಿಕ್ಸರ್‌ಗೆ ಹೂವಷ್ಟೇ ಸಾಕು, ಅದೂ ನೀರು ಚಿಮುಕಿಸದ ಹೂವು. ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಇಡುವುದಾದರೆ ಕೆಳಗೆ ದಪ್ಪ ಫೋಮ್ ಹಾಕಿ ಸೈಕಲ್ ಟ್ಯೂಬಿನಲ್ಲಿ ಕಟ್ಟಿ, ಬಣ್ಣದ ಪುಡಿ ಎರಚುವವರನ್ನು ದೂರವೇ ನಿಲ್ಲಿಸಿ. ಮಳೆ ಹನಿ ಬಂದರೆ ಮೊದಲು ಆಂಪ್ಲಿ ಆಫ್, ಆಮೇಲೆ ಮಿಕ್ಸರ್ ಆಫ್, ಆಮೇಲೆ ಪ್ಲಾಸ್ಟಿಕ್ ಹೊದಿಕೆ. ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿ ಕೊನೆಗೆ. ಟಾಟಾ ಏಸ್‌ನಲ್ಲಿ ಬಾಕ್ಸುಗಳು ಹಿಂದೆ ಹೋಗಲಿ, ಮಿಕ್ಸರ್ ಕೇಸು ಡ್ರೈವರ್ ಪಕ್ಕದ ಸೀಟಿನಲ್ಲಿ ನಿಮ್ಮ ತೊಡೆ ಮೇಲೆ.

ಸೀಸನ್‌ನಲ್ಲಿ ಪರಿಚಯದ ಹುಡುಗರು ಬಂದು ‘ಒಂದೇ ಒಂದು ದಿನಕ್ಕೆ ಮಿಕ್ಸರ್ ಕೊಡಣ್ಣ’ ಅನ್ನುತ್ತಾರೆ. ಆಂಪ್ಲಿ ಕೊಡಿ, ಸ್ಟ್ಯಾಂಡ್ ಕೊಡಿ, ಮೈಕ್ ಕೊಡಿ. ಮಿಕ್ಸರ್ ಬೇಕೇ ಬೇಕು ಅಂದರೆ ಅದರ ಜೊತೆ ನೀವೂ ಹೋಗಿ, ಸಂಜೆ ನೀವೇ ಕೇಸ್ ಮುಚ್ಚಿಕೊಂಡು ಬನ್ನಿ.