ಎಡಿಟಿಂಗ್‌ಗೆ ಮೊದಲ ಪಿಸಿ ಜೋಡಿಸುವವರಿಗೆ

ತುಮಕೂರಿನ ಗೆಳೆಯರೇ, ವಿಡಿಯೋ ಎಡಿಟಿಂಗ್‌ಗೆ ಪಿಸಿ ಜೋಡಿಸುತ್ತಿದ್ದೀರಾ? ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡ್‌ಗೇ ಸುರಿಯಬೇಡಿ. ನಾನು ಹಾಗೆ ಮಾಡಿ, 8 ಜಿಬಿ ರ್‍ಯಾಮ್‌ನಲ್ಲಿ ಒಂದು ಮದುವೆ ವಿಡಿಯೋ ಮುಗಿಸುವಷ್ಟರಲ್ಲಿ ಸುಸ್ತಾದೆ. 16 ಜಿಬಿಯ ಎರಡು ಹಾಕಿಸಿ, ಒಟ್ಟು 32.

ಇಂಟೆಲ್ ಪ್ರೊಸೆಸರ್ ಆದರೆ ಹೆಸರಿನ ಕೊನೆಯಲ್ಲಿ 'ಎಫ್' ಇರುವುದು ಬೇಡ. ಬೆಲೆ ಸ್ವಲ್ಪ ಕಮ್ಮಿ, ನಿಜ. ಆದರೆ ಅದರೊಳಗೆ ಪ್ರೊಸೆಸರ್‌ನದೇ ಆದ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ಕ್ಯಾಮೆರಾದ ಎಚ್.265 (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ಒಂದು ವಿಧಾನ) ಕ್ಲಿಪ್‌ಗಳು ಟೈಮ್‌ಲೈನ್‌ನಲ್ಲಿ ತಡವರಿಸದೆ ಓಡಲು ಆ ಗ್ರಾಫಿಕ್ಸ್ ತುಂಬ ನೆರವಾಗುತ್ತದೆ. ವಿಂಡೋಸ್‌ಗೊಂದು, ಫುಟೇಜ್‌ಗೊಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಸ್ಟೋರೇಜ್) ಇದ್ದರೆ ಒಳ್ಳೆಯದು. ಹಳೇ ಹಾರ್ಡ್‌ಡಿಸ್ಕ್ ಬ್ಯಾಕಪ್‌ಗಿರಲಿ.

ಪಿಸಿ ಸಾಮಾನು ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಿ, ವಾರಂಟಿಗೆ ಬೇಕಾಗುತ್ತದೆ. ಬಣ್ಣದ ಲೈಟಿನ ಫ್ಯಾನು ಸುಮ್ನೆ ಶೋಕಿ. ಆ ದುಡ್ಡನ್ನು ಯುಪಿಎಸ್‌ಗೆ ಹಾಕಿ. ರೆಂಡರ್ (ಎಡಿಟ್ ಮಾಡಿದ್ದನ್ನು ಕೊನೆಗೆ ಒಂದು ವಿಡಿಯೋ ಫೈಲ್ ಮಾಡುವುದು) 90 ಪರ್ಸೆಂಟ್ ಆದಾಗಲೇ ನಮ್ಮಲ್ಲಿ ಕರೆಂಟ್ ಹೋಗುವುದು, ಅಲ್ವಾ?