ಹೊಸ ಸೋಂಕು ಕಂಡಾಗ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸುವುದು ಹೇಗೆ, ನೆರವು ಪಡೆಯುವುದು ಹೇಗೆ

ದೇಶದ ಯಾವುದೋ ಮೂಲೆಯಲ್ಲಿ ಹೆಸರು ಗೊತ್ತಿಲ್ಲದ ಜ್ವರ ಕಾಣಿಸಿಕೊಂಡರೆ ಹೊರಜಗತ್ತಿಗೆ ಯಾರು ತಿಳಿಸಬೇಕು, ಎಷ್ಟು ಹೊತ್ತಿನೊಳಗೆ ತಿಳಿಸಬೇಕು ಎಂಬುದು ಮೊದಲೇ ನಿಗದಿಯಾಗಿದೆ. 196 ದೇಶಗಳು ಒಪ್ಪಿಕೊಂಡ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ 2007ರ ಜೂನ್ 15ರಿಂದ ಜಾರಿಯಲ್ಲಿದ್ದು, ಗಡುವುಗಳನ್ನು ಗಂಟೆಗಳ ಲೆಕ್ಕದಲ್ಲಿ ಹೇಳುತ್ತದೆ. ಸರ್ವೇಕ್ಷಣಾ ಘಟಕ, ಪ್ರಯೋಗಾಲಯ, ಆರೋಗ್ಯ ಇಲಾಖೆಗಳಲ್ಲಿ ದುಡಿಯುವವರು ಇದನ್ನು ರೋಗವಿಲ್ಲದ ದಿನಗಳಲ್ಲೇ ರೂಢಿ ಮಾಡಿಕೊಳ್ಳಬೇಕು. ವಾರ್ಡು ತುಂಬಿದ ಮೇಲೆ ನಿಯಮ ಹುಡುಕಲು ಪುರುಸೊತ್ತು ಇರುವುದಿಲ್ಲ.

ಯಾರ ಮೂಲಕ?

ಪ್ರತಿ ದೇಶವೂ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಸಂಪರ್ಕಕ್ಕಾಗಿ ಒಂದು ರಾಷ್ಟ್ರೀಯ ಫೋಕಲ್ ಪಾಯಿಂಟ್ ಕಚೇರಿಯನ್ನು ಹೆಸರಿಸಿರಬೇಕು. ಅದು ಹಗಲು ರಾತ್ರಿ, ರಜೆಯ ದಿನವೂ ಸಂಪರ್ಕಕ್ಕೆ ಸಿಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಆರೂ ಪ್ರಾದೇಶಿಕ ವಲಯಗಳಲ್ಲಿ ಈ ಕಚೇರಿಯೊಡನೆ ಮಾತಾಡುವ ಸಂಪರ್ಕ ಕೇಂದ್ರಗಳಿವೆ. ಇಲ್ಲಿ ಆಗುವ ಎಡವಟ್ಟು ತೀರಾ ಸಣ್ಣದು, ಆದರೆ ದುಬಾರಿ: ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ, ಪಟ್ಟಿಯಲ್ಲಿ ಅವರ ಹಳೆಯ ನಂಬರೇ ಉಳಿದಿರುತ್ತದೆ. ವ್ಯಕ್ತಿಯ ಹೆಸರಿನ ಬದಲು ಹುದ್ದೆಯ ಹೆಸರಿನಲ್ಲಿ ಇಮೇಲ್ ಇಡಿ. ಆಗಾಗ ರಜೆಯ ರಾತ್ರಿ ಒಂದು ಪರೀಕ್ಷಾ ಕರೆ ಮಾಡಿ ನೋಡಿ.

ತಿಳಿಸಬೇಕೋ ಬೇಡವೋ?

ತುರ್ತು ಘಟನೆಯ ವರದಿ ರಾಷ್ಟ್ರಮಟ್ಟಕ್ಕೆ ಬಂದ ಮೇಲೆ ಅದನ್ನು ಅಳೆದು ನೋಡಲು 48 ಗಂಟೆ ಇದೆ. ತಿಳಿಸಬೇಕಾದ ಘಟನೆ ಎಂದು ತೀರ್ಮಾನವಾದ ಮೇಲೆ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ಸುದ್ದಿ ಹೋಗಬೇಕು. ಅಳೆಯುವ ಕೋಲು ನಿಯಮಾವಳಿಯ 2ನೇ ಅನುಬಂಧದಲ್ಲಿದೆ.

ಸಿಡುಬು, ವೈಲ್ಡ್ ಪೋಲಿಯೊ ವೈರಸ್ಸಿನಿಂದ ಬಂದ ಪೋಲಿಯೊ, ಹೊಸ ಉಪಪ್ರಭೇದದ ಇನ್‌ಫ್ಲುಯೆಂಜಾ ಮನುಷ್ಯರಲ್ಲಿ ಕಂಡದ್ದು, ಸಾರ್ಸ್: ಇವುಗಳ ಒಂದೇ ಒಂದು ಪ್ರಕರಣವಿದ್ದರೂ ಯೋಚಿಸುವುದೇ ಬೇಡ, ತಿಳಿಸಿ. ಕಾಲರಾ, ನ್ಯುಮೋನಿಕ್ ಪ್ಲೇಗ್, ಹಳದಿ ಜ್ವರ, ಎಬೋಲಾ, ಲಾಸಾ, ಮಾರ್ಬರ್ಗ್‌ನಂಥ ರೋಗಗಳಿಗೂ ಕಾರಣವೇ ತಿಳಿಯದ ಘಟನೆಗಳಿಗೂ ನಾಲ್ಕು ಪ್ರಶ್ನೆ ಕೇಳಬೇಕು. ಜನಾರೋಗ್ಯದ ಮೇಲೆ ಇದರ ಪರಿಣಾಮ ಗಂಭೀರವೇ? ಘಟನೆ ಅಸಾಮಾನ್ಯ ಅಥವಾ ಅನಿರೀಕ್ಷಿತವೇ? ಗಡಿ ದಾಟುವ ಅಪಾಯ ಗಣನೀಯವೇ? ಪ್ರಯಾಣ, ವ್ಯಾಪಾರಗಳ ಮೇಲೆ ನಿರ್ಬಂಧ ಬೀಳುವ ಸಾಧ್ಯತೆ ಇದೆಯೇ? ಎರಡಕ್ಕೆ ಹೌದು ಎಂದಾದರೆ ಸಾಕು.

ಒಂದು ಆಸ್ಪತ್ರೆಯಲ್ಲಿ ಐವರಿಗೆ ರಕ್ತಸ್ರಾವದ ಜ್ವರ ಬಂದಿದೆ, ಅವರಲ್ಲಿ ಇಬ್ಬರು ಅಲ್ಲಿನದೇ ನರ್ಸ್‌ಗಳು, ಕಾರಣ ಗೊತ್ತಿಲ್ಲ ಎಂದುಕೊಳ್ಳಿ. ಆರೋಗ್ಯ ಸಿಬ್ಬಂದಿಗೇ ಸೋಂಕು ತಗುಲಿದ್ದರಿಂದ ಮೊದಲ ಪ್ರಶ್ನೆಗೆ ಹೌದು. ಕಾರಣ ತಿಳಿಯದ್ದರಿಂದ ಎರಡನೆಯದಕ್ಕೂ ಹೌದು. ಲೆಕ್ಕ ಅಲ್ಲಿಗೇ ಮುಗಿಯಿತು. ಎಷ್ಟೋ ಕಡೆ ಕೆಲಸ ಕೆಡುವುದು ಇದೇ ಹಂತದಲ್ಲಿ: ಲ್ಯಾಬ್ ವರದಿ ಬರಲಿ, ಆಮೇಲೆ ನೋಡೋಣ ಎಂದು ಕಡತ ಕಾಯುತ್ತ ಕೂರುತ್ತದೆ. ರೋಗ ದೃಢಪಟ್ಟಿರಬೇಕು ಎಂದು ನಿಯಮಾವಳಿ ಎಲ್ಲಿಯೂ ಕೇಳಿಲ್ಲ. ಉತ್ತರಗಳು ಸ್ಪಷ್ಟವಿಲ್ಲದಿದ್ದರೆ 8ನೇ ವಿಧಿಯ ಪ್ರಕಾರ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಗುಟ್ಟಾಗಿ ಸಮಾಲೋಚನೆ ಮಾಡಬಹುದು. ಬಹಳ ಕಡಿಮೆ ಬಳಕೆಯಾಗುವ, ಆದರೆ ತುಂಬ ಉಪಯುಕ್ತವಾದ ದಾರಿ ಇದು.

ಸುಮ್ಮನಿದ್ದರೆ ಸುದ್ದಿ ಮುಚ್ಚಿಹೋಗುವುದೂ ಇಲ್ಲ. ಪತ್ರಿಕೆ, ಜಾಲತಾಣಗಳ ಸುದ್ದಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಸದಾ ಗಮನಿಸುತ್ತಿರುತ್ತದೆ. 9 ಮತ್ತು 10ನೇ ವಿಧಿಗಳ ಪ್ರಕಾರ ಸ್ಪಷ್ಟನೆ ಕೇಳುತ್ತದೆ. ಕೇಳಿದ 24 ಗಂಟೆಯೊಳಗೆ ಮೊದಲ ಉತ್ತರ ಕೊಡಬೇಕು.

ಏನು ಬರೆಯಬೇಕು?

ಒಂದು ಪುಟ ಸಾಕು: ಪ್ರಕರಣ ಎಂದು ಯಾವುದನ್ನು ಪರಿಗಣಿಸಿದ್ದೀರಿ, ಪ್ರಕರಣ ಮತ್ತು ಸಾವುಗಳ ಸಂಖ್ಯೆ, ಮೊದಲ ರೋಗಿಗೆ ಲಕ್ಷಣ ಕಂಡ ದಿನ, ಸ್ಥಳ, ಲ್ಯಾಬ್ ಫಲಿತಾಂಶ ಅಥವಾ ಬಾಕಿ ಇರುವ ಪರೀಕ್ಷೆಗಳು, ಸೋಂಕಿನ ಮೂಲದ ಬಗ್ಗೆ ಅಂದಾಜು, ಹರಡಲು ಅನುಕೂಲವಾಗುವ ಪರಿಸ್ಥಿತಿ, ಕೈಗೊಂಡ ಕ್ರಮ, ಬೇಕಾದ ನೆರವು. ಗೊತ್ತಿಲ್ಲದ್ದರ ಮುಂದೆ 'ತನಿಖೆಯಲ್ಲಿದೆ' ಎಂದು ಬರೆಯಿರಿ, ಖಾಲಿ ಬಿಡಬೇಡಿ. ಶಂಕಿತ ಪ್ರಕರಣಗಳನ್ನೂ ದೃಢಪಟ್ಟವನ್ನೂ ಒಂದೇ ಅಂಕಿಯಲ್ಲಿ ಕೂಡಿಸಬೇಡಿ. ಮರುದಿನ ಸಂಖ್ಯೆ ಇಳಿದರೆ ಮುಚ್ಚಿಟ್ಟರೆಂಬ ಅನುಮಾನ ಹುಟ್ಟುತ್ತದೆ.

ತಿಳಿಸಿದ ಮಾತ್ರಕ್ಕೆ ಜಾಗತಿಕ ತುರ್ತು ಪರಿಸ್ಥಿತಿ ಘೋಷಣೆಯಾಗುವುದಿಲ್ಲ. ಅದು ತಜ್ಞರ ಸಮಿತಿಯ ಸಲಹೆ ಪಡೆದು ಮಹಾನಿರ್ದೇಶಕರು ತೆಗೆದುಕೊಳ್ಳುವ ನಿರ್ಧಾರ. 2009ರ ಎಚ್1ಎನ್1ನಿಂದ 2024ರ ಎಂಪಾಕ್ಸ್‌ವರೆಗೆ ಇಂಥ ಘೋಷಣೆಗಳು ಬೆರಳೆಣಿಕೆಯಷ್ಟೇ.

ಆದರೂ ನಿರ್ಬಂಧದ ಭಯ ಸುಳ್ಳಲ್ಲ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಓಮೈಕ್ರಾನ್ ತಳಿಯ ಬಗ್ಗೆ ತಿಳಿಸಿತು. ಕೆಲವೇ ದಿನಗಳಲ್ಲಿ ಹಲವು ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಪ್ರಾಮಾಣಿಕತೆಗೆ ಸಿಕ್ಕ ಈ ಶಿಕ್ಷೆ ಅನ್ಯಾಯ, ಮುಂದಿನ ದೇಶ ಬಾಯಿ ಮುಚ್ಚಿಕೊಳ್ಳಲು ಇದೇ ಕಾರಣವಾಗಬಹುದು. ಇಂಥ ಹೊತ್ತಿನಲ್ಲಿ 43ನೇ ವಿಧಿಯನ್ನು ಬಳಸಿ. ಪ್ರಯಾಣಿಕರನ್ನೋ ಸರಕನ್ನೋ ತಡೆಯುವ ಅಥವಾ 24 ಗಂಟೆಗಿಂತ ಹೆಚ್ಚು ವಿಳಂಬ ಮಾಡುವ ದೇಶ 48 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ಕಾರಣ ಸಮೇತ ತಿಳಿಸಬೇಕು. ಯಾವ ದೇಶ, ಯಾವ ದಿನ, ಯಾವ ಕ್ರಮ ಎಂದು ಮೊದಲ ದಿನದಿಂದಲೇ ದಾಖಲಿಸಿ, ಲಿಖಿತವಾಗಿ ವಿವರಣೆ ಕೇಳಿ.

ಬೇರೆ ಬಾಗಿಲುಗಳು

ಪ್ರಾಣಿಗಳಲ್ಲಿ ಕಂಡ ರೋಗಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ಕಲುಷಿತ ಆಹಾರ ಗಡಿ ದಾಟಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗಳ ಅಂತರರಾಷ್ಟ್ರೀಯ ಜಾಲವಾದ ಇನ್ಫೋಸಾನ್, ವಿಕಿರಣ ಅಪಘಾತಕ್ಕೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ. ಕೋಳಿಗಳಲ್ಲೂ ಮನುಷ್ಯರಲ್ಲೂ ಹಕ್ಕಿಜ್ವರ ಕಂಡರೆ ಎರಡೂ ಕಡೆ ಪ್ರತ್ಯೇಕವಾಗಿ ತಿಳಿಸಬೇಕು. ಒಂದು ಇಲಾಖೆ ಇನ್ನೊಂದು ತಿಳಿಸಿರುತ್ತದೆಂದು ಸುಮ್ಮನಾಗುವುದೇ ಇಲ್ಲಿನ ಅಪಾಯ.

ಸ್ಯಾಂಪಲ್ ಕಳಿಸುವಾಗ

ರೋಗ ಖಚಿತಪಡಿಸುವ ವಿದೇಶದ ಉಲ್ಲೇಖ ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಮೊದಲು ಅಪಾಯದ ವರ್ಗ ನಿರ್ಧರಿಸಿ: 'ಎ' ಹೆಚ್ಚು ಅಪಾಯದ್ದು, 'ಬಿ' ಕಡಿಮೆಯದು; ಯುಎನ್ ಸಂಖ್ಯೆ ಎಂದರೆ ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆ ಕೊಟ್ಟ ಗುರುತು. ಎಬೋಲಾ ಶಂಕೆಯ ರಕ್ತ 'ಎ' ವರ್ಗ, ಯುಎನ್ 2814. ಡೆಂಗಿ ರೋಗಿಯ ರಕ್ತ 'ಬಿ' ವರ್ಗ, ಯುಎನ್ 3373. ಅದೇ ಡೆಂಗಿ ವೈರಸ್ಸನ್ನು ಲ್ಯಾಬ್‌ನಲ್ಲಿ ಬೆಳೆಸಿದ ಕಲ್ಚರ್ ಆದರೆ ಮತ್ತೆ 'ಎ'.

ಎರಡಕ್ಕೂ ಮೂರು ಪದರದ ಪ್ಯಾಕಿಂಗ್ ಬೇಕು. ಒಳಗಿನ ಸೋರದ ನಳಿಕೆಯ ಸುತ್ತ, ಒಡೆದರೂ ಇಡೀ ದ್ರವವನ್ನು ಹೀರಿಕೊಳ್ಳುವಷ್ಟು ಹತ್ತಿ ಇರಲಿ. ಅದರ ಹೊರಗೆ ಸೋರದ ಎರಡನೇ ಡಬ್ಬಿ. ಈ ಎರಡರಲ್ಲಿ ಒಂದಾದರೂ 95 ಕಿಲೋಪಾಸ್ಕಲ್ ಒತ್ತಡ ತಡೆಯಬೇಕು. ಮಾದರಿಗಳ ಪಟ್ಟಿಯನ್ನು ಎರಡನೇ ಡಬ್ಬಿಗೂ ಹೊರಪೆಟ್ಟಿಗೆಗೂ ನಡುವೆ ಇಡಿ. ಡ್ರೈ ಐಸನ್ನು ಎರಡನೇ ಡಬ್ಬಿಯ ಹೊರಗೇ ತುಂಬಬೇಕು, ಹೊರಪೆಟ್ಟಿಗೆಯಿಂದ ಅನಿಲ ಹೋಗಲು ದಾರಿ ಇರಬೇಕು. ಬಿಗಿಯಾದ ಡಬ್ಬಿಯೊಳಗೆ ಹಾಕಿದರೆ ಅನಿಲ ಉಬ್ಬಿ ಡಬ್ಬಿ ಸಿಡಿಯುತ್ತದೆ. ಹೊರಗೆ ಯುಎನ್ 1845 ಎಂದೂ ಡ್ರೈ ಐಸ್ ಎಷ್ಟು ಕಿಲೋ ಎಂದೂ ನಮೂದಿಸಿ. 'ಎ' ವರ್ಗದ ಪೊಟ್ಟಣವೊಂದರಲ್ಲಿ ಪ್ರಯಾಣಿಕ ವಿಮಾನಕ್ಕೆ 50 ಮಿ.ಲೀ., ಸರಕು ವಿಮಾನಕ್ಕೆ 4 ಲೀಟರ್ ಮಿತಿ.

ಪೊಟ್ಟಣ ವಿಮಾನ ನಿಲ್ದಾಣದಲ್ಲೇ ಕೊಳೆಯುವುದು ಸಾಮಾನ್ಯವಾಗಿ ಕಾಗದದ ದೋಷದಿಂದ: ಸ್ವೀಕರಿಸುವ ದೇಶದ ಆಮದು ಪರವಾನಗಿ ಇಲ್ಲದಿರುವುದು, ಕಳಿಸುವವರ ತರಬೇತಿ ಪ್ರಮಾಣಪತ್ರದ ಎರಡು ವರ್ಷದ ಅವಧಿ ಮುಗಿದಿರುವುದು, ವಾರಾಂತ್ಯದಲ್ಲಿ ತಲುಪುವಂತೆ ಬುಕ್ ಮಾಡಿರುವುದು.

ಲಸಿಕೆ, ತಜ್ಞರು, ಹಣ

ಕಾಲರಾ, ಮೆನಿಂಜೈಟಿಸ್, ಹಳದಿ ಜ್ವರ, ಎಬೋಲಾ ಲಸಿಕೆಗಳ ಜಾಗತಿಕ ತುರ್ತು ದಾಸ್ತಾನನ್ನು ಐಸಿಜಿ ಎಂಬ ಗುಂಪು ನೋಡಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ರೆಡ್‌ಕ್ರಾಸ್ ಒಕ್ಕೂಟ, ಗಡಿಗಳಿಲ್ಲದ ವೈದ್ಯರ ಸಂಸ್ಥೆ ಇದರ ಸದಸ್ಯರು. ಅರ್ಜಿ ಪೂರ್ಣವಾಗಿದ್ದರೆ 48 ಗಂಟೆಯೊಳಗೆ ತೀರ್ಮಾನ ಹೇಳುತ್ತಾರೆ. 'ಪೂರ್ಣ' ಎಂದರೆ ವಾರವಾರದ ಪ್ರಕರಣಗಳ ಅಂಕಿ, ಲ್ಯಾಬ್ ದೃಢೀಕರಣ, ಯಾವ ಊರಿನ ಯಾವ ವಯಸ್ಸಿನವರಿಗೆ ಎಂಬ ಯೋಜನೆ, ಶೀತಲ ಸರಪಳಿಯ ಸಾಮರ್ಥ್ಯ. ಕೊರತೆ ಇರುವುದರಿಂದ ಸಂಖ್ಯೆ ಉಬ್ಬಿಸಬೇಡಿ; 2022ರ ಅಕ್ಟೋಬರ್‌ನಲ್ಲಿ ದಾಸ್ತಾನು ಕುಸಿದು ಕಾಲರಾಕ್ಕೆ ಎರಡು ಡೋಸ್ ಬದಲು ಒಂದೇ ಡೋಸ್ ಕೊಡಬೇಕಾಯಿತು. ಉಬ್ಬಿಸಿದ ಬೇಡಿಕೆ ಇನ್ನೊಂದೆಡೆಯ ಮಗುವಿನ ಪಾಲನ್ನು ಕಿತ್ತುಕೊಳ್ಳುತ್ತದೆ.

ತಜ್ಞರು ಬೇಕಾದರೆ ಸೋಂಕು ಹರಡಿದ ಕಡೆಗೆ ಪರಿಣತರನ್ನು ಕಳಿಸುವ ಗೋವಾರ್ನ್ ಎಂಬ ಜಾಗತಿಕ ಜಾಲವಿದೆ. 'ತಂಡ ಕಳಿಸಿ' ಎನ್ನುವ ಬದಲು 'ಸಂಪರ್ಕ ಪತ್ತೆ ತಿಳಿದ ಇಬ್ಬರು, ಸೋಂಕು ನಿಯಂತ್ರಣದ ಒಬ್ಬರು, ಆರು ವಾರ' ಎಂದು ಬರೆಯಿರಿ. ವೀಸಾ, ಸ್ಥಳೀಯ ವಾಹನ, ದುಭಾಷಿಯ ವ್ಯವಸ್ಥೆಯನ್ನೂ ಅದೇ ಪತ್ರದಲ್ಲಿ ಹೇಳಿ. ಮೊದಲ ದಿನಗಳ ಖರ್ಚಿಗೆ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ನಿಧಿಯೂ ಇದೆ. ಆ ಬಗ್ಗೆ ಅದರ ದೇಶೀಯ ಕಚೇರಿಯೊಡನೆ ಮಾತಾಡಿ.

ಘಟನೆ ತಣ್ಣಗಾದ ಮೇಲೆ ಮೂರು ಅವಧಿ ಲೆಕ್ಕ ಹಾಕಿ, ಗುರಿ ಇಷ್ಟು: ರೋಗ ಹುಟ್ಟಿದ್ದರಿಂದ ಪತ್ತೆಯವರೆಗೆ 7 ದಿನ, ಪತ್ತೆಯಿಂದ ತಿಳಿಸುವವರೆಗೆ 1 ದಿನ, ಅಲ್ಲಿಂದ ಆರಂಭಿಕ ಕ್ರಮಗಳು ಮುಗಿಯುವವರೆಗೆ 7 ದಿನ. ಮೀರಿದ ಕಡೆ ಕಾರಣವನ್ನೂ ಸರಿಪಡಿಸಬೇಕಾದವರ ಹುದ್ದೆಯನ್ನೂ ಗಡುವನ್ನೂ ಒಂದೇ ಸಾಲಿನಲ್ಲಿ ಬರೆದು ಫೋಕಲ್ ಪಾಯಿಂಟ್ ಕಚೇರಿಗೆ ಕಳಿಸಿ.