ಚಳಿಗಾಲದಲ್ಲಿ ಏರಿಯಾದಲ್ಲಿ ಏನೇನ್ ನಡೆಯತ್ತೆ, ನೀವು ಕೈ ಹಾಕೋದು ಹೇಗೆ

ಚಳಿ ಬಿತ್ತು ಅಂದ್ರೆ ಸಾಕು, "ನಮ್ಮ ಏರಿಯಾದಲ್ಲಿ ಏನಾದ್ರೂ ನಡೀತಿದ್ಯಾ, ನಾನೂ ಬಂದು ಹೆಲ್ಪ್ ಮಾಡ್ಲಾ" ಅಂತ ಕೇಳೋ ಮೆಸೇಜು ಶುರು. ಕೇಳೋರೆಲ್ಲ ಒಳ್ಳೇ ಮನಸ್ಸಿನೋರೇ, ಅದ್ರಲ್ಲಿ ಡೌಟಿಲ್ಲ. ತೊಂದ್ರೆ ಏನಂದ್ರೆ ಎಲ್ರೂ ಡಿಸೆಂಬರ್ ಕೊನೇ ವಾರದಲ್ಲೇ ಕೇಳ್ತಾರೆ, ರಜ ಇರತ್ತೆ, ಮನಸ್ಸು ಮೆತ್ತಗಾಗಿರತ್ತೆ, ಮಕ್ಳಿಗೂ ತೋರಿಸ್ಬೇಕು ಅಂತಿರತ್ತೆ, ಆ ವಾರ ಊಟ ಬಡಿಸೋ ಜಾಗಕ್ಕೆ ಹೋದ್ರೆ ಊಟಕ್ಕೆ ಬಂದೋರಿಗಿಂತ ಬಡಿಸೋರೇ ಜಾಸ್ತಿ. ನಾನು ಮೊದಲ್ನೇ ಸಲ ಹೋದಾಗ ಎರಡು ಗಂಟೆ ಪೇಪರ್ ಪ್ಲೇಟ್ ಹಿಡ್ಕೊಂಡು ಗೋಡೆಗೆ ಒರಗಿ ನಿಂತು ವಾಪಸ್ ಬಂದೆ. ಅದೇ ಜಾಗಕ್ಕೆ ಜನವರಿ ಮೂರನೇ ವಾರ ಹೋದೆ, ಇದ್ದಿದ್ದು ಮೂರೇ ಜನ, ಪಾತ್ರೆ ತೊಳೆಯೋಕೂ ನಾವೇ ಬಾಗ್ಲು ಹಾಕೋಕೂ ನಾವೇ.

ಹಾಗಾಗಿ ಮೊದಲು ಮಾಡ್ಬೇಕಾಗಿರೋದು ಕ್ಯಾಲೆಂಡರ್ ತೆಗ್ಯೋದು. ಡಿಸೆಂಬರ್ ಬಿಟ್ಟಾಕಿ, ಜನವರಿ ಫೆಬ್ರವರಿಯಲ್ಲಿ ನಿಮಗೆ ಯಾವ್ ದಿನ ನಿಜವಾಗ್ಲೂ ಬಿಡುವಿರತ್ತೆ ಅಂತ ನೋಡಿ ನಾಲ್ಕೇ ನಾಲ್ಕು ದಿನ ಗುರುತು ಮಾಡ್ಕೊಳ್ಳಿ. ಹದಿನೈದು ದಿನಕ್ಕೊಂದ್ಸಲ, ಎರಡೆರಡು ಗಂಟೆ, ಅಷ್ಟೇ ಸಾಕು. (ಭೂಮಧ್ಯರೇಖೆ ಕೆಳಗಡೆ ಇರೋರು ಇದನ್ನೆಲ್ಲ ಜೂನ್ ಜುಲೈ ಆಗಸ್ಟ್‌ಗೆ ತಿರುಗಿಸ್ಕೊಂಡು ಓದಿ, ನಿಮಗೆ ಚಳಿ ಆಗಲೇ ತಾನೆ.) "ಟೈಮ್ ಸಿಕ್ಕಾಗ ಬರ್ತೀನಿ" ಅಂತ ಹೇಳೋರನ್ನ ನಂಬ್ಕೊಂಡು ಯಾರೂ ಪ್ಲಾನ್ ಮಾಡೋಕಾಗಲ್ಲ, ಆದ್ರೆ "ಎರಡನೇ ಮತ್ತೆ ನಾಲ್ಕನೇ ಶನಿವಾರ ಬೆಳಗ್ಗೆ ಬರ್ತೀನಿ" ಅಂದ್ರೆ ನೀವು ಅವರ ಲಿಸ್ಟಲ್ಲಿ ಸೇರಿದ ಹಂಗೆ.

ಡಿಸೆಂಬರಲ್ಲೇ ಏನಾದ್ರೂ ಮಾಡ್ಲೇಬೇಕು ಅಂದ್ರೆ 5ನೇ ತಾರೀಖು ನೋಡಿ. ಅವತ್ತು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, ವಿಶ್ವಸಂಸ್ಥೆ 1985ರಲ್ಲಿ ಗೊತ್ತು ಮಾಡಿದ್ದು. ಆ ದಿನದ ಆಸುಪಾಸಿನಲ್ಲಿ ಹೊಸಬರನ್ನ ಸೇರಿಸ್ಕೊಳ್ಳೋ ಮೀಟಿಂಗು ಇಡೋ ಗುಂಪುಗಳಿರ್ತವೆ. ಹೋಗಿ ಮುಖ ಪರಿಚಯ ಮಾಡ್ಕೊಂಡು, ಹೆಸರು ಬರೆಸಿ, ಕೆಲಸ ಮಾತ್ರ ಜನವರಿಗೆ ಕೇಳಿ.

ಇನ್ನು ಏನ್ ನಡೀತಿದೆ ಅಂತ ಗೊತ್ತಾಗೋದು ಹೇಗೆ. ಫೋನಲ್ಲಿ ಹುಡುಕಿದ್ರೆ ದೊಡ್ಡ ದೊಡ್ಡ ಕಾರ್ಯಕ್ರಮ, ಟಿಕೆಟ್ ಇರೋದು, ಸಿಗತ್ತೆ. ಏರಿಯಾದೊಳಗಿನ ಸಣ್ಣ ಸಣ್ಣ ವಿಷಯ ಅಲ್ಲಿ ಸಿಗೋದು ಕಮ್ಮಿ, ಅದೆಲ್ಲ ಇರೋದು ಲೈಬ್ರರಿ ಬಾಗಿಲಿನ ನೋಟಿಸ್ ಬೋರ್ಡಲ್ಲಿ, ಸ್ಕೂಲ್ ಗೇಟಲ್ಲಿ, ಪೂಜೆ ಪ್ರಾರ್ಥನೆ ನಡೆಯೋ ಜಾಗಗಳ ಹೊರಗೋಡೆ ಮೇಲೆ, ಕಮ್ಯುನಿಟಿ ಹಾಲ್ ವಾಚ್‌ಮನ್ ತಲೆಯೊಳಗೆ. ಹಾಲ್ ಯಾವತ್ತು ಯಾರು ಬುಕ್ ಮಾಡಿದಾರೆ ಅಂತ ಆ ವಾಚ್‌ಮನ್‌ಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿರಲ್ಲ. ಒಂದು ಭಾನುವಾರ ಒಂದು ಗಂಟೆ ಕಾಲ್ನಡಿಗೆಯಲ್ಲಿ ಸುತ್ತಿ ಬೋರ್ಡುಗಳನ್ನೆಲ್ಲ ಫೋಟೋ ತಕ್ಕೊಂಡು ಬನ್ನಿ, ಎರಡು ತಿಂಗಳಿಗಾಗೋಷ್ಟು ಸಿಗತ್ತೆ.

ಕಾರ್ಯಕ್ರಮಕ್ಕೆ ಮೊದಲು ಸುಮ್ನೆ ಹೋಗಿ ಕೂತ್ಕೊಳ್ಳಿ. ಮುಗಿದ್ಮೇಲೆ ಎಲ್ರೂ ಎದ್ದು ಹೋಗ್ತಾರಲ್ಲ, ಆಗ ನೀವು ಒಂದು ಕುರ್ಚಿ ಮಡಚಿ ಇಡಿ, ಇನ್ನೊಂದು ಇಡಿ. ಐದನೇ ಕುರ್ಚಿ ಹೊತ್ತಿಗೆ ಯಾರೋ ಬಂದು ಹೆಸರು ಕೇಳ್ತಾರೆ, ಅವರೇ ನಿಮಗೆ ಬೇಕಾಗಿರೋ ಮನುಷ್ಯ. ಫಾರ್ಮು ತುಂಬಿ ಕಾಯೋದಕ್ಕಿಂತ ಇದು ಬೇಗ ಅಂತ ನನ್ನ ಅನುಭವ.

ಈಗ ಕೆಲಸಗಳ ವಿಷಯಕ್ಕೆ ಬರೋಣ. ಎಲ್ರಿಗೂ ಮೊದಲು ತಲೆಗೆ ಹೊಳೆಯೋದು ಬಟ್ಟೆ ಕಂಬಳಿ ಕಲೆಕ್ಷನ್, ಅದ್ರಲ್ಲೇ ಎಡವಟ್ಟೂ ಜಾಸ್ತಿ. ಮನೆ ಕ್ಲೀನ್ ಮಾಡಿದಾಗ ಬಂದಿದ್ದನ್ನೆಲ್ಲ ಮೂಟೆ ಕಟ್ಟಿ ತಂದು ಸುರಿದು ಹೋಗ್ಬಿಡ್ತಾರೆ, ಅದ್ರಲ್ಲಿ ಬೇಸಿಗೆ ಅಂಗಿ, ಹರಿದಿರೋ ಪ್ಯಾಂಟು, ಒಂಟಿ ಶೂ ಎಲ್ಲಾ ಇರತ್ತೆ, ವಿಂಗಡಿಸೋಕೇ ಎರಡು ದಿನ ಹಿಡಿಯತ್ತೆ. ನೀವು ಕಲೆಕ್ಷನ್ ಮಾಡೋದಾದ್ರೆ "ಬಟ್ಟೆ ಕೊಡಿ" ಅನ್ಬೇಡಿ, "ದೊಡ್ಡೋರ ಜಾಕೆಟ್ಟು, ಜಿಪ್ ಕೆಲಸ ಮಾಡ್ತಿರ್ಬೇಕು, ಒಗೆದಿರ್ಬೇಕು, ಹೊಸ ಜೋಡಿ ಸಾಕ್ಸು, ಕೈಗವಸು, ಟೋಪಿ, ಇಷ್ಟೇ" ಅಂತ ಬರೀರಿ. ಕಾಲ್ಚೀಲ ಅಂತೂ ಯಾವತ್ತೂ ಸಾಲಲ್ಲ, ಯಾಕಂದ್ರೆ ಯಾರೂ ಹಳೇ ಕಾಲ್ಚೀಲ ದಾನ ಮಾಡಲ್ಲ ಮಾಡ್ಲೂಬಾರ್ದು, ಹೊಸದೇ ಕೊಡ್ಬೇಕು, ಬೀದಿಯಲ್ಲಿ ಮಲಗೋರಿಗೆ ಒದ್ದೆ ಕಾಲ್ಚೀಲ ಬದಲಾಯಿಸೋಕಾಗ್ದೆ ಪಾದ ಹಾಳಾಗೋದು ದೊಡ್ಡ ಸಮಸ್ಯೆ. ಕಂಬಳಿ ಆರಿಸೋವಾಗ ಉಣ್ಣೆದಿದ್ರೆ ಒಳ್ಳೇದು, ಸ್ವಲ್ಪ ಒದ್ದೆ ಆದ್ರೂ ಬೆಚ್ಚಗಿಡತ್ತೆ, ಹತ್ತಿದು ಒಂದ್ಸಲ ನೆನೆದ್ರೆ ಮೈ ಶಾಖಾನೇ ಎಳ್ಕೊಂಡ್ಬಿಡತ್ತೆ. ಮಂಜು ಮಳೆ ಇರೋ ಕಡೆ ಕಂಬಳಿ ಜೊತೆ ಕೆಳಗೆ ಹಾಸೋಕೆ ಒಂದು ದಪ್ಪ ಶೀಟೂ ಕೊಡಿ, ಯಾಕಂದ್ರೆ ಮೇಲೆ ಎಷ್ಟು ಹೊದ್ದರೂ ತಣ್ಣಗಿರೋ ನೆಲ ಕೆಳಗಿಂದ ಶಾಖ ಹೀರ್ತಾನೇ ಇರತ್ತೆ. ಮತ್ತೆ ಕಲೆಕ್ಷನ್ ಶುರು ಮಾಡೋಕೆ ಮುಂಚೆ, ಸೇರಿದ್ದನ್ನ ಯಾರು ತಗೋತಾರೆ ಅಂತ ಕೇಳ್ಕೊಂಡಿರಿ. ಎಂಟು ಮೂಟೆ ಸೇರಿಸಿ ಆಮೇಲೆ ಫೋನ್ ಮಾಡಿದ್ರೆ "ಜಾಗ ಇಲ್ಲ ಸರ್" ಅಂತಾರೆ, ಆ ಮೂಟೆಗಳು ನಮ್ಮನೆ ಬಾಲ್ಕನಿಯಲ್ಲಿ ಮಾರ್ಚ್‌ವರೆಗೂ ಇದ್ವು.

ನನ್ನ ಕೇಳಿದ್ರೆ ಚಳಿಗಾಲದ ಅತಿ ಮುಖ್ಯ ಕೆಲಸ ಇದ್ಯಾವುದೂ ಅಲ್ಲ, ಪಕ್ಕದ ಬೀದಿಯಲ್ಲಿ ಒಂಟಿಯಾಗಿರೋ ವಯಸ್ಸಾದೋರ ಮನೆ ಬಾಗ್ಲು ತಟ್ಟೋದು. ಇದಕ್ಕೆ ಫೋಟೋ ಬರಲ್ಲ, ಟೀ ಶರ್ಟೂ ಕೊಡಲ್ಲ, ಅದಕ್ಕೇ ಯಾರೂ ಮಾಡಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ, ಚಳಿ ಇರೋ ಕಡೆ ಮನೆಯೊಳಗಿನ ತಾಪಮಾನ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರ್ಬೇಕು ಅಂತ ಹೇಳಿದೆ, ವಯಸ್ಸಾದೋರು, ಮಕ್ಕಳು, ಕಾಯಿಲೆ ಇರೋರಿಗೆ ಅದಕ್ಕಿಂತ ಜಾಸ್ತಿನೇ ಬೇಕಾಗ್ಬಹುದು. ಆದ್ರೆ ಕರೆಂಟ್ ಬಿಲ್ಲಿಗೆ ಹೆದರಿ ಹೀಟರ್ ಹಾಕದೇ ಕೂತಿರೋರು ತುಂಬ ಜನ. ಹೋದಾಗ "ಹುಷಾರಾಗಿದೀರಾ" ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾನೇ ಹೇಳ್ತಾರೆ, ಆ ಪ್ರಶ್ನೆಯಿಂದ ಏನೂ ತಿಳಿಯಲ್ಲ. ಅದರ ಬದಲು ಐದು ನಿಮಿಷ ಒಳಗೆ ಕೂತ್ಕೊಳ್ಳಿ, ನಿಮ್ಮ ಜಾಕೆಟ್ ತೆಗ್ಯೋಕೆ ಮನಸ್ಸಾಗ್ತಿಲ್ಲ ಅಂದ್ರೆ ಆ ರೂಮ್ ತಣ್ಣಗಿದೆ ಅಂತ ಅರ್ಥ. ಮಾತ್ರೆ ಮುಗಿದಿದ್ಯಾ, ಹೊರಗೆ ಜಾರತ್ತೆ ಅಂತ ಅಂಗಡಿಗೆ ಹೋಗ್ದೆ ಎಷ್ಟು ದಿನ ಆಯ್ತು, ಇಂಥದ್ದು ಕೇಳಿ. ಮಾತು ತೊದಲ್ತಿದ್ರೆ, ಗೊಂದಲ ಇದ್ರೆ, ತುಂಬ ನಡುಕ ಅಥವಾ ಮೈ ತಣ್ಣಗಿದ್ದೂ ನಡುಕನೇ ನಿಂತುಹೋಗಿದ್ರೆ, ಹುಡುಗಾಟ ಆಡ್ಬೇಡಿ, ದೇಹದ ತಾಪಮಾನ 35 ಡಿಗ್ರಿಗಿಂತ ಕೆಳಗೆ ಇಳಿದಿರಬಹುದು, ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ. ಬರೋವರೆಗೆ ಒದ್ದೆ ಬಟ್ಟೆ ಇದ್ರೆ ಬದಲಾಯಿಸಿ ಕಂಬಳಿ ಸುತ್ತಿ, ಎಚ್ಚರ ಇದ್ರೆ ಮಾತ್ರ ಬಿಸಿಯಾಗಿ ಏನಾದ್ರೂ ಕುಡಿಸಿ. ಮದ್ಯ ಮಾತ್ರ ಬೇಡವೇ ಬೇಡ, ಅದು ಚರ್ಮದ ಹತ್ರ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಹಂಗೆ ಅನ್ನಿಸತ್ತೆ, ಒಳಗಿನ ಶಾಖ ಮಾತ್ರ ಬೇಗ ಹೊರಗೆ ಹೋಗತ್ತೆ. ಕಾಲುಜ್ಜೋದು, ಬಿಸಿನೀರಿನ ಬಕೆಟ್ಟಲ್ಲಿ ಕಾಲಿಡಿಸೋದು ಇದೂ ಬೇಡ.

ಇನ್ನೊಂದು ನೋಡ್ಬೇಕಾಗಿರೋದು ಮುಚ್ಚಿದ ರೂಮೊಳಗೆ ಇದ್ದಿಲ ಕೆಂಡ ಇಟ್ಕೊಂಡು ಮಲಗೋ ಅಭ್ಯಾಸ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗತ್ತೆ. ಏರಿಯಾ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹಾಕೋ ಬದಲು ಇದನ್ನ ಎರಡು ಸಲ ಹಾಕಿದ್ರೂ ಅದು ಸೇವೆನೇ.

ಹಿಮ ಬೀಳೋ ಊರಲ್ಲಿರೋರಿಗೆ ಸಲಿಕೆ ಹಿಡಿಯೋ ಕೆಲಸ ಇದ್ದೇ ಇರತ್ತೆ. ಎರಡೇ ಮಾತು. ನಿಮ್ಮನೆ ಮುಂದಿನದು ಮುಗಿದ್ಮೇಲೆ ಪಕ್ಕದ ಮನೆ ಅಜ್ಜಿಯ ಮೆಟ್ಟಿಲು, ಬಸ್ ಸ್ಟಾಪು, ರಸ್ತೆ ದಾಟೋ ಮೂಲೆ ಮರೀಬೇಡಿ, ವ್ಹೀಲ್‌ಚೇರಲ್ಲಿ ಓಡಾಡೋರು ಆ ಮೂಲೆಯಲ್ಲೇ ಸಿಕ್ಕಾಕೊಳ್ಳೋದು. ಮತ್ತೆ ಹಿಮ ಕರಗಿಸೋಕೆ ಚೆಲ್ಲೋ ಮಾಮೂಲಿ ಉಪ್ಪು ಹೆಚ್ಚುಕಮ್ಮಿ ಮೈನಸ್ 9 ಡಿಗ್ರಿಗಿಂತ ಕೆಳಗೆ ಹೋದ್ರೆ ಸರಿಯಾಗಿ ಕೆಲಸ ಮಾಡಲ್ಲ, ಚೆಲ್ಲಿದ್ದೇ ಬಂತು, ಅಂಥ ದಿನ ಜಾರದೇ ಇರೋಕೆ ಮರಳು ಹಾಕಿ. ಹೃದಯದ ತೊಂದ್ರೆ ಇರೋರು ಸಲಿಕೆ ಮುಟ್ಟಲೇಬೇಡಿ.

ಚಳಿಯಲ್ಲಿ ಹೊರಗೆ ಬರೋದೇ ಖುಷಿ ಅನ್ನೋರಿಗೆ ಹಕ್ಕಿ ಎಣಿಸೋದು ಇದೆ, ಇದು ನನ್ನ ಫೇವರಿಟ್, ಸ್ವಲ್ಪ ಜಾಸ್ತಿ ಹೇಳ್ತೀನಿ ಸಹಿಸ್ಕೊಳ್ಳಿ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಕೊಂಡು ಹೋಗಿ ಯಾರು ಜಾಸ್ತಿ ಹಕ್ಕಿ ಪ್ರಾಣಿ ಹೊಡೀತಾರೆ ಅಂತ ಪೈಪೋಟಿ ನಡೀತಿತ್ತು, 1900ರಲ್ಲಿ ಫ್ರಾಂಕ್ ಚಾಪ್ಮನ್ ಅನ್ನೋ ಪಕ್ಷಿತಜ್ಞರು ಹೊಡೆಯೋ ಬದಲು ಎಣಿಸೋಣ ಅಂದ್ರು. ಮೊದಲ ವರ್ಷ ಎಣಿಸಿದ್ದು 27 ಜನ. ಅದು ಇವತ್ತಿಗೂ ಪ್ರತಿ ವರ್ಷ ಡಿಸೆಂಬರ್ 14ರಿಂದ ಜನವರಿ 5ರವರೆಗೆ ನಡೀತಿದೆ. ಅದಕ್ಕೆ ಗುಂಪು, ಎಣಿಸೋಕೆ ಅಂತ ಗೊತ್ತು ಮಾಡಿದ ವೃತ್ತಾಕಾರದ ಜಾಗ ಎಲ್ಲಾ ಬೇಕು, ಹೊಸಬರಿಗೆ ಸುಲಭ ಅಂದ್ರೆ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯೋ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, 1998ರಲ್ಲಿ ಶುರುವಾಯ್ತು, 2013ರಿಂದ ಪ್ರಪಂಚದ ಯಾವ ಮೂಲೆಯಿಂದ ಬೇಕಾದ್ರೂ ಸೇರ್ಬಹುದು. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿ, ಎಷ್ಟು ಕಂಡ್ವು, ಬರ್ದು ಅದರ ಆಪ್‌ನಲ್ಲಿ ಹಾಕೋದು. ಕಾಗೆ ಪಾರಿವಾಳ ಮಾತ್ರ ಕಂಡ್ರೂ ಬರೀರಿ, ನಾಚ್ಕೋಬೇಡಿ, ಅದೂ ಲೆಕ್ಕಾನೇ. ಏರಿಯಾ ಪಾರ್ಕಲ್ಲಿ ಆರೇಳು ಮಕ್ಕಳನ್ನ ಸೇರಿಸಿ ಒಂದು ಬೆಳಗ್ಗೆ ಮಾಡಿದ್ರೆ ಅದೇ ಒಂದು ಕಾರ್ಯಕ್ರಮ ಆಯ್ತು, ಮೈಕೂ ಬೇಡ ಶಾಮಿಯಾನನೂ ಬೇಡ.

ಒಳಗೆ ಕೂತು ಮಾಡೋ ಕೆಲಸ ಬೇಕು ಅನ್ನೋರಿಗೆ ರಿಪೇರಿ ಕೆಫೆ. ಮಾರ್ಟೀನ್ ಪೊಸ್ಟ್ಮಾ ಅನ್ನೋರು 2009ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಶುರು ಮಾಡಿದ ಐಡಿಯಾ, ಜನ ಕೆಟ್ಟೋಗಿರೋ ಸಾಮಾನು ತರ್ತಾರೆ, ಗೊತ್ತಿರೋರು ಪಕ್ಕದಲ್ಲಿ ಕೂತು ಒಟ್ಟಿಗೇ ರಿಪೇರಿ ಮಾಡ್ತಾರೆ. ಚಳಿಗಾಲಕ್ಕೆ ಇದು ಹೇಳಿ ಮಾಡ್ಸಿದಂಗಿದೆ, ಹೀಟರ್ ವೈರು, ಜಾಕೆಟ್ ಜಿಪ್ಪು, ಕಿತ್ತೋಗಿರೋ ಸ್ವೆಟರ್, ಎಲ್ಲಾ ಒಂದೇ ಟೇಬಲ್ಲಿಗೆ ಬರತ್ತೆ. ಹೊಲಿಗೆ ಬರೋ ಅಮ್ಮಂದಿರು ಇಬ್ಬರು, ವೈರಿಂಗ್ ಗೊತ್ತಿರೋರು ಒಬ್ಬರು, ಬೆಚ್ಚಗಿರೋ ಒಂದು ಹಾಲ್, ಮೂರು ಗಂಟೆ. ನಿಮಗೆ ಏನೂ ರಿಪೇರಿ ಬರಲ್ವಾ, ಬಾಗಿಲಲ್ಲಿ ಕೂತು ಚೀಟಿ ಬರೀರಿ, ಆ ಕೆಲಸಕ್ಕೇ ಜನ ಸಿಗೋದು ಕಷ್ಟ.

ರಕ್ತದಾನನೂ ಚಳಿಗಾಲದಲ್ಲಿ ಮಾಡಿ. ರಜ, ನೆಗಡಿ, ಕೆಮ್ಮು, ಕೆಟ್ಟ ಹವಾಮಾನ ಎಲ್ಲಾ ಸೇರಿ ಈ ಸಮಯದಲ್ಲಿ ಕೊಡೋರು ಕಮ್ಮಿಯಾಗ್ತಾರೆ, ರಕ್ತದಲ್ಲಿರೋ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಇಟ್ಕೊಳ್ಳೋಕಾಗೋದು ಐದರಿಂದ ಏಳು ದಿನ ಅಷ್ಟೇ, ಹಾಗಾಗಿ ಡಿಸೆಂಬರಲ್ಲಿ ಕೊಟ್ಟಿದ್ದು ಜನವರಿ ಕೊನೆಗೆ ಉಳಿದಿರಲ್ಲ. ಅಮೆರಿಕದಲ್ಲಿ ಇದಕ್ಕೇ ಜನವರಿ ತಿಂಗಳನ್ನ 1970ರಿಂದ ರಕ್ತದಾನಿಗಳ ತಿಂಗಳು ಅಂತ ಮಾಡಿದಾರೆ. ನೆಗಡಿ ಜ್ವರ ಇದ್ದಾಗ ಹೋಗ್ಬೇಡಿ, ವಾಪಸ್ ಕಳಿಸ್ತಾರೆ.

ಬೀದಿ ಬದಿ ಪ್ರಾಣಿಗಳ ವಿಷಯ ಎರಡು ಸಾಲು. ಬೆಳಗ್ಗೆ ಕಾರ್ ಸ್ಟಾರ್ಟ್ ಮಾಡೋಕೆ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ, ಇಂಜಿನ್ ಬಿಸಿಗೆ ಬೆಕ್ಕು ಒಳಗೆ ಸೇರ್ಕೊಂಡಿರತ್ತೆ. ಕುಡಿಯೋ ನೀರು ಹೆಪ್ಪುಗಟ್ಟೋ ಕಡೆ ದಿನಕ್ಕೆರಡು ಸಲ ಬಟ್ಟಲು ಬದಲಾಯಿಸಿ.

ರಾತ್ರಿ ಬೀದಿಗಿಳಿದು ಕಂಬಳಿ ಹಂಚೋದು ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಒಬ್ಬೊಬ್ಬರೇ ಹೋಗ್ಬೇಡಿ, ಮೊದಲಿಂದ ಮಾಡ್ತಿರೋ ಗುಂಪಿನ ಜೊತೆ ಹೋಗಿ. ಮಲಗಿರೋರ ಮುಖಕ್ಕೆ ಟಾರ್ಚ್ ಬಿಡೋದು, ಮೊಬೈಲ್ ಎತ್ತಿ ವಿಡಿಯೋ ಮಾಡೋದು ದಯವಿಟ್ಟು ಬೇಡ, ಅದು ಅವರ ಬೆಡ್‌ರೂಮು. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡ್ಸಿ, ಬೇಡ ಅಂದ್ರೆ ಬೇಡ. ರಾತ್ರಿ ಮಲಗೋಕೆ ಬೆಚ್ಚಗಿನ ಜಾಗ ಎಲ್ಲಿದೆ, ಎಷ್ಟೊತ್ತಿಗೆ ಬಾಗಿಲು ಹಾಕ್ತಾರೆ, ನಾಯಿ ಇದ್ರೆ ಒಳಗೆ ಬಿಡ್ತಾರಾ, ಇಷ್ಟು ನಿಮಗೆ ಬಾಯಲ್ಲೇ ಗೊತ್ತಿರ್ಬೇಕು, ಕಂಬಳಿಗಿಂತ ಈ ಮಾಹಿತಿನೇ ಎಷ್ಟೋ ಸಲ ಜಾಸ್ತಿ ಉಪಯೋಗಕ್ಕೆ ಬರತ್ತೆ.

ನೀವು ಹಾಕ್ಕೊಳ್ಳೋ ಬಟ್ಟೆ ಬಗ್ಗೆನೂ ಯೋಚ್ನೆ ಮಾಡಿ. ಒಂದೇ ದಪ್ಪ ಕೋಟ್‌ಗಿಂತ ತೆಳುವಾದ ಮೂರು ಪದರ ಒಳ್ಳೇದು, ಮೂಟೆ ಹೊರ್ತಾ ಬೆವರು ಬಂದಾಗ ಒಂದು ತೆಗೀಬಹುದು, ಬೆವರಿ ಒದ್ದೆಯಾಗಿ ಆಮೇಲೆ ನಿಂತ್ರೆ ನಡುಗೋದು ನೀವೇ. ನೆಗಡಿ ಕೆಮ್ಮು ಇದ್ದಾಗ ವಯಸ್ಸಾದೋರ ಮನೆಗೆ ಹೋಗ್ದೆ ಫೋನಲ್ಲೇ ಮಾತಾಡಿ.

ಕೊನೆಗೆ ಮೆಸೇಜು ಹೇಗೆ ಕಳ್ಸೋದು ಅಂತ ಕೇಳ್ತಾರಲ್ಲ, ಇಷ್ಟೇ: "ನಮಸ್ಕಾರ, ನಾನು ಇದೇ ಏರಿಯಾದಲ್ಲಿರೋದು, ಜನವರಿ ಫೆಬ್ರವರಿಯಲ್ಲಿ ಎರಡನೇ ನಾಲ್ಕನೇ ಶನಿವಾರ ಬೆಳಗ್ಗೆ 9ರಿಂದ 11 ಬಿಡುವಿದೆ, ಗಾಡಿ ಇದೆ, ಭಾರ ಎತ್ತಬಲ್ಲೆ, ಯಾರೂ ಒಪ್ಪದೇ ಇರೋ ಕೆಲಸ ಯಾವುದಿದ್ರೂ ಹೇಳಿ." ಭಾರ ಎತ್ತೋಕಾಗಲ್ಲ ಅಂದ್ರೆ ಅದನ್ನೂ ಬರೀರಿ. ಉತ್ತರ ಬರ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಡಿಸೆಂಬರಲ್ಲಿ ಅವರ ಫೋನ್ ತುಂಬಿ ಹೋಗಿರತ್ತೆ, ಜನವರಿ ಎರಡನೇ ವಾರ ಇನ್ನೊಂದ್ಸಲ ಕಳ್ಸಿ, ಆಗ ಐದು ನಿಮಿಷದಲ್ಲಿ ಫೋನೇ ಬರತ್ತೆ.